ಅರವತ್ತನಾಲ್ಕು ಮನೆಗಳ ಲೆಕ್ಕ

ಈ ತಿಂಗಳ ಚರಿತ್ರೆಯ ಪುಟದಲ್ಲಿ ನಾವು ಒಂದು ಸಂಖ್ಯೆಯ ಕಥೆಯನ್ನು ಹೇಳಬಯಸುತ್ತೇವೆ. ಆ ಸಂಖ್ಯೆ ಇದು: 1,84,46,74,40,73,70,95,51,615. ಇಪ್ಪತ್ತು ಅಂಕಿಗಳಿರುವ ಇದನ್ನು ನಮ್ಮ ಲಕ್ಷ ಕೋಟಿಗಳಲ್ಲಿ ಓದುವುದೇ ಕಷ್ಟ. ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ 1 ಲಕ್ಷದ 84 ಸಾವಿರ ಪಟ್ಟು ಮಾಡಿದರೂ ಇದರ ಹತ್ತಿರ ಬರಬಹುದು, ಇದನ್ನು ಮುಟ್ಟಲಾಗದು. ಆದರೂ ಸಾವಿರ ವರ್ಷಗಳ ಹಿಂದೆ, ಯಂತ್ರಗಳ ನೆರವಿಲ್ಲದ ಕಾಲದಲ್ಲಿ, ಮುಸ್ಲಿಮ್ ವಿದ್ವಾಂಸರು ಇದರ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಮುಗಿಸಿದ್ದರು. ಅವರು ಅದನ್ನು ಏಕೆ ಮಾಡಿದರು, ಹೇಗೆ ಮಾಡಿದರು, ಅದರಿಂದ ಇಂದು ನಮ್ಮ ಮನೆಗಳಿಗೆ ಏನು ಪ್ರಯೋಜನ ಎಂಬುದೇ ಈ ಲೇಖನದ ವಿಷಯ.

ಕಥೆ ಹುಟ್ಟಿದ ಬಗೆ

ಅಬ್ಬಾಸಿ ಖಿಲಾಫತ್ತಿನ ಕಾಲದಲ್ಲಿ ಬಗ್ದಾದಿನ ಆಸ್ಥಾನದಲ್ಲಿ ಅಬೂಬಕರ್ ಅಸ್ಸೂಲಿ ಎಂಬ ಸಾಹಿತಿ ಇದ್ದರು. ಚದುರಂಗದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಾರಾದರೂ ಚೆನ್ನಾಗಿ ಆಡಿದರೆ ‘ಸೂಲಿಯಂತೆ ಆಡುತ್ತಾನೆ’ ಎಂದು ಜನ ಹೊಗಳುವಷ್ಟು ಅವರ ಹೆಸರು ಹಬ್ಬಿತ್ತು. ಕಾಲ ಕಳೆದಂತೆ ಚದುರಂಗವನ್ನು ಕಂಡುಹಿಡಿದವರೇ ಸೂಲಿ ಎಂದು ಅನೇಕರು ನಂಬತೊಡಗಿದರು. ಸುಮಾರು ಮುನ್ನೂರು ವರ್ಷಗಳ ನಂತರ ಕಾಝಿ ಇಬ್ನು ಖಲ್ಲಿಕಾನ್ ಎಂಬ ವಿದ್ವಾಂಸರು ಗಣ್ಯರ ಜೀವನ ಚರಿತ್ರೆಗಳ ತಮ್ಮ ಮಹಾಕೋಶ ‘ವಫಯಾತುಲ್ ಅಅ್‌ಯಾನ್’ ಬರೆಯುವಾಗ ಈ ತಪ್ಪು ನಂಬಿಕೆಯನ್ನು ತಿದ್ದಿದರು. ಆ ಆಟ ಹಿಂದ್ ದೇಶದ್ದು, ಸೂಲಿಯವರಿಗಿಂತ ಬಹಳ ಹಿಂದಿನದು ಎಂದು ಅವರು ಬರೆದರು.

ಅವರ ಮಾತಿಗೆ ಭಾಷೆಯೇ ಸಾಕ್ಷಿ. ನಮ್ಮ ದೇಶದ ‘ಚತುರಂಗ’ ಇರಾನಿಗೆ ಹೋಗಿ ‘ಚತ್ರಂಗ್’ ಆಯಿತು. ಅಲ್ಲಿಂದ ಅರಬರ ಕೈಗೆ ಬಂದು ‘ಶತ್ರಂಜ್’ ಆಯಿತು. ಕನ್ನಡಿಗರು ಅದನ್ನೇ ಚದುರಂಗ ಎನ್ನುತ್ತಾರೆ, ನಮ್ಮ ಮನೆಗಳ ಉರ್ದುವಿನಲ್ಲಿ ಶತ್ರಂಜ್ ಎನ್ನುತ್ತೇವೆ. ಈ ಆಟವನ್ನು ಆಡುವ ಕುರಿತು ಫಿಕ್ಹ್ ಇಮಾಮರಲ್ಲಿ ಭಿನ್ನಾಭಿಪ್ರಾಯವಿದೆ, ಪಣವಿಟ್ಟು ಆಡುವುದು ಹರಾಮ್ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಮ್ಮ ಇಂದಿನ ಮಾತು ಆಟದ ಕುರಿತಲ್ಲವಾದ್ದರಿಂದ ಆ ಚರ್ಚೆಯನ್ನು ಇಲ್ಲಿಗೇ ಬಿಡುತ್ತೇವೆ.

ಇಬ್ನು ಖಲ್ಲಿಕಾನ್ ಹೇಳುವ ಕಥೆಯ ಸಾರ ಹೀಗಿದೆ. ಹಿಂದ್ ದೇಶದ ಸಿಸ್ಸ ಎಂಬ ಜ್ಞಾನಿ ಶಿಹ್ರಾಮ್ ಎಂಬ ರಾಜನಿಗಾಗಿ ಈ ಆಟವನ್ನು ರಚಿಸಿದ. ರಾಜ ಮೆಚ್ಚಿ, ‘ಏನು ಬೇಕೋ ಕೇಳು’ ಎಂದ. ಸಿಸ್ಸ ಕೇಳಿದ್ದು ಗೋಧಿಯನ್ನು. ಚದುರಂಗದ ಹಾಸಿನ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನ ಮನೆಯ ಇಮ್ಮಡಿಯಂತೆ ಅರವತ್ತನಾಲ್ಕು ಮನೆಗಳೂ ತುಂಬುವಷ್ಟು. ಇಷ್ಟು ಅಲ್ಪ ವಸ್ತುವನ್ನು ಕೇಳಿದನಲ್ಲ ಎಂದು ರಾಜನಿಗೆ ಬೇಸರವಾಯಿತು. ಆದರೆ ದೀವಾನದ ಲೆಕ್ಕಿಗರು ಲೆಕ್ಕ ಹಾಕಿ, ನಮ್ಮಲ್ಲಿರುವ ಗೋಧಿ ಇದಕ್ಕೆ ಎಲ್ಲಿಯೂ ಸಾಲದು ಎಂದು ತಿಳಿಸಿದರು. ಆಗ ರಾಜ, ನೀನು ರಚಿಸಿದ ಆಟಕ್ಕಿಂತ ನೀನು ಇಟ್ಟ ಬೇಡಿಕೆಯೇ ಹೆಚ್ಚು ಅಚ್ಚರಿಯದು ಎಂದನಂತೆ.

ಈ ಲೆಕ್ಕ ಇಬ್ನು ಖಲ್ಲಿಕಾನರಿಗಿಂತ ಹಿಂದೆಯೇ ಹೆಸರಾಗಿತ್ತು. ಹಿಜರಿ ನಾಲ್ಕನೇ ಶತಮಾನದ ಚರಿತ್ರಕಾರ ಮಸ್ಊದಿಯವರೂ ಚದುರಂಗದ ಮನೆಗಳನ್ನು ಇಮ್ಮಡಿಸುವ ಲೆಕ್ಕವನ್ನು ಪ್ರಸ್ತಾಪಿಸಿದ್ದಾರೆ. ಸಿಸ್ಸ ಎಂಬ ವ್ಯಕ್ತಿ ನಿಜವಾಗಿಯೂ ಇದ್ದನೇ ಎಂಬುದು ಬೇರೆ ಮಾತು. ಕಥೆ ಕಥೆಯಾಗಿಯೇ ಇರಲಿ. ಅದರೊಳಗಿನ ಸಂಖ್ಯೆಯನ್ನು ಮಾತ್ರ ಯಾರು ಬೇಕಾದರೂ, ಯಾವ ಕಾಲದಲ್ಲಿ ಬೇಕಾದರೂ ಪರೀಕ್ಷಿಸಿ ನೋಡಬಹುದು.

ಸಂಶಯಪಟ್ಟ ಕಾಝಿ

ಇಬ್ನು ಖಲ್ಲಿಕಾನ್ ಸಾಮಾನ್ಯ ವ್ಯಕ್ತಿಯಲ್ಲ. ಹಿಜರಿ 608ರಲ್ಲಿ (ಕ್ರಿ.ಶ. 1211) ಇರ್ಬಿಲಿನಲ್ಲಿ ಜನಿಸಿ, ಈಜಿಪ್ಟಿನಲ್ಲಿ ನೆಲೆಸಿ, ಹಿಜರಿ 659ರಲ್ಲಿ ದಮಾಸ್ಕಸಿನ ಮುಖ್ಯ ಕಾಝಿಯಾದವರು. ಅವರ ಕಾಲದಲ್ಲಿ ಈ ಗೋಧಿಯ ಕಥೆ ವಿದ್ವಾಂಸರ ನಾಲಗೆಯಲ್ಲೇ ಓಡಾಡುತ್ತಿತ್ತು. ಆದರೂ ಅವರು ಅದನ್ನು ಕೂಡಲೇ ನಂಬಲಿಲ್ಲ. ಒಂದು ಕಾಳಿನಿಂದ ಆರಂಭವಾದ ಲೆಕ್ಕ, ಅರವತ್ತನಾಲ್ಕೇ ಮನೆಗಳಲ್ಲಿ, ಒಂದು ರಾಜ್ಯದ ಗೋಧಿಯನ್ನೆಲ್ಲ ನುಂಗುವುದೆಂದರೆ ಹೇಗೆ ಎಂಬ ಸಂಶಯ ಅವರ ಮನಸ್ಸಿನಲ್ಲಿ ಉಳಿದಿತ್ತು ಎಂದು ಅವರೇ ಬರೆದಿದ್ದಾರೆ.

ಆ ಸಂಶಯ ಪರಿಹಾರವಾದದ್ದು ಅಲೆಕ್ಸಾಂಡ್ರಿಯಾದ ಒಬ್ಬ ಲೆಕ್ಕಿಗನಿಂದ. ಅವನು ಒಂದು ಕಾಗದದಲ್ಲಿ ಲೆಕ್ಕವನ್ನು ಬರೆದು ತಂದು ಕಾಝಿಯವರ ಮುಂದಿಟ್ಟ. ಹದಿನಾರನೆಯ ಮನೆಯವರೆಗೆ ಇಮ್ಮಡಿಸುತ್ತಾ ಹೋದರೆ ಆ ಮನೆಗೆ 32,768 ಕಾಳು ಬರುತ್ತವೆ. ಇಷ್ಟು ಕಾಳು ಒಂದು ‘ಕದಹ್’ ಆಗುತ್ತದೆ ಎಂದ ಲೆಕ್ಕಿಗ. ನಮ್ಮಲ್ಲಿ ಸೇರು ಇದ್ದಂತೆ ಈಜಿಪ್ಟಿನಲ್ಲಿ ಕದಹ್ ಒಂದು ಅಳತೆ. ಸಾವಿರ ಗೋಧಿ ಕಾಳು 40 ಗ್ರಾಂ ತೂಗುತ್ತದೆ ಎಂದು ಹಿಡಿದರೆ ಇದು ಸುಮಾರು 1 ಕಿಲೋ 300 ಗ್ರಾಂ.

ಅಲ್ಲಿಂದ ಮುಂದೆ ಕಾಳು ಎಣಿಸುವ ಕೆಲಸವಿಲ್ಲ, ಕದಹ್‌ಗಳನ್ನು ಎಣಿಸಿದರೆ ಸಾಕು. ನಾಲ್ಕು ಮನೆ ಮುಂದೆ ಹೋದರೆ, ಅಂದರೆ ಇಪ್ಪತ್ತನೆಯ ಮನೆಯಲ್ಲಿ, ಹದಿನಾರು ಕದಹ್. ಅದು ಒಂದು ‘ವೈಬ’. ಆರು ವೈಬ ಸೇರಿದರೆ ಒಂದು ‘ಇರ್ದಬ್ಬ್’. ನಲವತ್ತನೆಯ ಮನೆಗೆ ಬರುವಾಗ 1,74,762 ಇರ್ದಬ್ಬ್, ಅದರ ಮೇಲೆ ಮೂರನೇ ಎರಡು ಭಾಗ. ಇದನ್ನು ಒಂದು ಕಣಜದ ತುಂಬ ಧಾನ್ಯ ಎಂದಿಟ್ಟುಕೊಳ್ಳೋಣ ಎಂದ ಲೆಕ್ಕಿಗ. ಇನ್ನು ಹತ್ತು ಮನೆ ದಾಟಿದರೆ, ಐವತ್ತನೆಯದರಲ್ಲಿ, 1,024 ಕಣಜಗಳು. ಇಷ್ಟು ಕಣಜಗಳಿರುವುದನ್ನು ಒಂದು ಪಟ್ಟಣ ಎನ್ನೋಣ. ಇನ್ನು ಹದಿನಾಲ್ಕು ಮನೆ. ಅರವತ್ತನಾಲ್ಕನೆಯ ಮನೆಯೊಂದಕ್ಕೇ 16,384 ಪಟ್ಟಣಗಳು! ಅಷ್ಟು ಪಟ್ಟಣಗಳು ಲೋಕದಲ್ಲಿ ಎಲ್ಲಿವೆ ಎಂದು ಅವನು ಕೇಳಿದ. ಕಾಝಿಯವರ ಸಂಶಯ ನೀಗಿತು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಒಂದು, ಇಷ್ಟು ದೊಡ್ಡ ವಿದ್ವಾಂಸರು ತಮಗೆ ತಿಳಿಯದ ವಿದ್ಯೆಯನ್ನು ಒಬ್ಬ ಲೆಕ್ಕಿಗನಿಂದ ಕೇಳಿ ತಿಳಿಯಲು ನಾಚಲಿಲ್ಲ, ಅದನ್ನು ಗ್ರಂಥದಲ್ಲಿ ದಾಖಲಿಸಲೂ ಹಿಂಜರಿಯಲಿಲ್ಲ. ಎರಡು, ಕದಹ್‌ನಲ್ಲಿ ಇಷ್ಟೇ ಕಾಳು ಹಿಡಿಯುತ್ತದೆ ಎಂಬ ಅಳತೆಯ ಹೊಣೆಯನ್ನು ಅವರು ಲೆಕ್ಕಿಗನ ಮೇಲೆಯೇ ಇಟ್ಟರು. ಇಮ್ಮಡಿಯ ಲೆಕ್ಕ ತಾವೇ ಅರಿತದ್ದು, ಕಾಳಿನ ಅಳತೆ ಅವನು ಹೇಳಿದ್ದು. ತಾನು ಕಂಡದ್ದು ಯಾವುದು, ಇನ್ನೊಬ್ಬರು ಹೇಳಿದ್ದು ಯಾವುದು ಎಂಬುದನ್ನು ಬೆರೆಸದೆ ಬೇರೆಬೇರೆಯಾಗಿಡುವ ಈ ಶಿಸ್ತು ಹದೀಸ್ ವಿದ್ವಾಂಸರ ಸನದಿನ ಪರಂಪರೆಯಿಂದ ಬಂದದ್ದು. ಅದನ್ನು ಅವರು ಗೋಧಿಯ ಕಾಳಿಗೂ ಅನ್ವಯಿಸಿದರು.

ಇಂದಿನ ಅಳತೆಯಲ್ಲಿ ಹೇಳುವುದಾದರೆ, ಎಲ್ಲ ಮನೆಗಳ ಗೋಧಿ ಸೇರಿ ಸುಮಾರು 73 ಸಾವಿರ ಕೋಟಿ ಟನ್ ದಾಟುತ್ತದೆ. ಇಡೀ ಜಗತ್ತು ಈಗ ಒಂದು ವರ್ಷಕ್ಕೆ ಬೆಳೆಯುವ ಗೋಧಿ ಹೆಚ್ಚುಕಡಿಮೆ 80 ಕೋಟಿ ಟನ್. ಅಂದರೆ ಜಗತ್ತಿನ ರೈತರೆಲ್ಲ ಸುಮಾರು 900 ವರ್ಷ ಬೆಳೆದು, ಒಂದು ಕಾಳನ್ನೂ ತಿನ್ನದೆ ಕೂಡಿಟ್ಟರೆ ಮಾತ್ರ ಸಿಸ್ಸನ ಬೇಡಿಕೆ ತೀರೀತು.

ಅಲ್ ಬಿರೂನಿಯವರ ಎರಡು ಸೂತ್ರಗಳು

ಅಲೆಕ್ಸಾಂಡ್ರಿಯಾದ ಲೆಕ್ಕಿಗ ಕೊನೆಯ ಮನೆಯ ಗಾತ್ರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ. ಆದರೆ ಅರವತ್ತನಾಲ್ಕು ಮನೆಗಳ ಒಟ್ಟು ಮೊತ್ತವನ್ನು ಒಂದು ಕಾಳೂ ಹೆಚ್ಚು ಕಡಿಮೆಯಾಗದಂತೆ ಹೇಳುವುದು ಹೇಗೆ? ಅರವತ್ತಮೂರು ಸಲ ಇಮ್ಮಡಿಸಿ, ಆ ಎಲ್ಲ ಸಂಖ್ಯೆಗಳನ್ನು ಸಾಲಾಗಿ ಬರೆದು ಕೂಡಿಸಬೇಕೇ? ಎಲ್ಲಿಯಾದರೂ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಇದಕ್ಕೆ ಸುಲಭದ ದಾರಿಯನ್ನು ಇಬ್ನು ಖಲ್ಲಿಕಾನರಿಗಿಂತ ಎರಡೂವರೆ ಶತಮಾನ ಹಿಂದೆಯೇ ಅಬೂ ರೈಹಾನ್ ಅಲ್ ಬಿರೂನಿ ಬರೆದಿಟ್ಟಿದ್ದರು. ಹಿಜರಿ 362ರಲ್ಲಿ (ಕ್ರಿ.ಶ. 973) ಖ್ವಾರಿಝ್ಮಿನಲ್ಲಿ ಹುಟ್ಟಿದ ಇವರು ನಮ್ಮ ದೇಶದ ಓದುಗರಿಗೆ ‘ಕಿತಾಬುಲ್ ಹಿಂದ್’ ಮೂಲಕ ಪರಿಚಿತರು. ಅದಕ್ಕೂ ಮೊದಲು, ಕ್ರಿ.ಶ. 1000ದ ಸುಮಾರಿಗೆ, ಮೂವತ್ತು ವರ್ಷ ತುಂಬುವ ಮುನ್ನವೇ ಅವರು ಬೇರೆಬೇರೆ ಜನಾಂಗಗಳ ಕಾಲಗಣನೆಯ ಕುರಿತು ‘ಅಲ್ ಆಸಾರುಲ್ ಬಾಕಿಯ’ ಎಂಬ ಗ್ರಂಥ ರಚಿಸಿದ್ದರು. ಚದುರಂಗದ ಲೆಕ್ಕ ಅದರಲ್ಲಿದೆ. ಅವರು ಕೊಟ್ಟ ಸೂತ್ರಗಳು ಎರಡೇ.

ಮೊದಲ ಸೂತ್ರ: ಯಾವುದೇ ಮನೆಯ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ, ಆ ಮನೆ ಮೊದಲ ಮನೆಯಿಂದ ಎಷ್ಟು ದೂರವಿದೆಯೋ ಅಷ್ಟೇ ದೂರ ಮುಂದಿರುವ ಮನೆಯ ಸಂಖ್ಯೆ ಸಿಗುತ್ತದೆ. ಐದನೆಯ ಮನೆಯಲ್ಲಿ 16 ಇದೆ. ಅದು ಮೊದಲ ಮನೆಯಿಂದ ನಾಲ್ಕು ಹೆಜ್ಜೆ ದೂರ. 16ನ್ನು 16ರಿಂದ ಗುಣಿಸಿದರೆ 256. ಇದು ಇನ್ನೂ ನಾಲ್ಕು ಹೆಜ್ಜೆ ಮುಂದಿರುವ ಒಂಬತ್ತನೆಯ ಮನೆಯ ಸಂಖ್ಯೆ.

ಎರಡನೆಯ ಸೂತ್ರ: ಯಾವುದೇ ಮನೆಯ ಸಂಖ್ಯೆಯಿಂದ ಒಂದನ್ನು ಕಳೆದರೆ, ಅದರ ಹಿಂದಿನ ಎಲ್ಲ ಮನೆಗಳ ಒಟ್ಟು ಮೊತ್ತ ಸಿಗುತ್ತದೆ. ಆರನೆಯ ಮನೆಯಲ್ಲಿ 32 ಇದೆ. ಹಿಂದಿನ ಐದು ಮನೆಗಳಾದ 1, 2, 4, 8, 16 ಕೂಡಿದರೆ 31. ಈ ಎರಡನೆಯ ಸೂತ್ರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕೊನೆಯಲ್ಲಿ ಅದು ನಮಗೆ ಬೇಕಾಗುತ್ತದೆ.

ಈಗ ಹಾಸಿನಲ್ಲಿ ಇಲ್ಲದ ಅರವತ್ತೈದನೆಯ ಮನೆಯೊಂದನ್ನು ಊಹಿಸಿಕೊಳ್ಳಿರಿ. ಅದರ ಸಂಖ್ಯೆ ಸಿಕ್ಕಿದರೆ, ಒಂದನ್ನು ಕಳೆದಾಗ ಹಿಂದಿನ ಅರವತ್ತನಾಲ್ಕೂ ಮನೆಗಳ ಮೊತ್ತ ಕೈಗೆ ಬಂದಂತೆಯೇ. ಅದಕ್ಕೆ ಆರೇ ಗುಣಾಕಾರ ಸಾಕು. ಎರಡನೆಯ ಮನೆಯ 2ನ್ನು ಅದರಿಂದಲೇ ಗುಣಿಸಿದರೆ 4, ಮೂರನೆಯ ಮನೆ. 4ನ್ನು ಗುಣಿಸಿದರೆ 16, ಐದನೆಯ ಮನೆ. ಅದನ್ನು ಗುಣಿಸಿದರೆ 256, ಒಂಬತ್ತನೆಯದು. ಮತ್ತೆ ಗುಣಿಸಿದರೆ 65,536, ಹದಿನೇಳನೆಯದು. ಮತ್ತೊಮ್ಮೆ ಗುಣಿಸಿದರೆ 4,29,49,67,296, ಮೂವತ್ತಮೂರನೆಯದು. ಕೊನೆಯ ಗುಣಾಕಾರದಲ್ಲಿ ಸಿಗುವುದು 1,84,46,74,40,73,70,95,51,616. ಒಂದನ್ನು ಕಳೆಯಿರಿ, ನಾವು ಆರಂಭದಲ್ಲಿ ಬರೆದ ಸಂಖ್ಯೆ ಬಂತು. ಮನೆಯ ಮಕ್ಕಳು ಒಂದು ಹಾಳೆ ಮತ್ತು ಪೆನ್ನು ಹಿಡಿದು ಕುಳಿತರೆ ಮಗ್ರಿಬ್ ಮತ್ತು ಇಶಾದ ನಡುವೆ ಇದನ್ನು ಮಾಡಿ ಮುಗಿಸಬಹುದು.

ಇಂತಹ ಲೆಕ್ಕ ಸಾಧ್ಯವಾದದ್ದು ನಮ್ಮ ದೇಶದಿಂದ ಹೋದ ಹತ್ತು ಅಂಕಿಗಳಿಂದ. ಸೊನ್ನೆ ಸೇರಿದ ಆ ಅಂಕಿಗಳ ಪದ್ಧತಿಯನ್ನು ಅರಬರು ‘ಹಿಸಾಬುಲ್ ಹಿಂದ್’ ಎಂದೇ ಕರೆದರು, ಪಡೆದದ್ದು ಯಾರಿಂದ ಎಂಬುದನ್ನು ಮರೆಮಾಚಲಿಲ್ಲ. ಅಲ್ ಖ್ವಾರಿಝ್ಮಿ, ಕೂಶಿಯಾರ್ ಇಬ್ನು ಲಬ್ಬಾನ್ ಮುಂತಾದವರು ಅದರ ಮೇಲೆ ಗ್ರಂಥಗಳನ್ನು ಬರೆದರು.

ಲೆಕ್ಕಕ್ಕೂ ಒಂದು ತಕ್ಕಡಿ

ಆ ಗ್ರಂಥಗಳಲ್ಲಿ ‘ಮೀಝಾನ್’ ಎಂಬ ವಿಧಾನವೊಂದಿದೆ. ಮೀಝಾನ್ ಎಂದರೆ ತಕ್ಕಡಿ. ಗುಣಾಕಾರ ಮಾಡಿದ ಮೇಲೆ ಅದು ಸರಿಯೇ ಎಂದು ತೂಗಿ ನೋಡುವ ಬಗೆ. ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿಸಬೇಕು, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿಸಬೇಕು, ಒಂದೇ ಅಂಕಿ ಉಳಿಯುವವರೆಗೆ.

ನಮ್ಮ ಕೊನೆಯ ಗುಣಾಕಾರವನ್ನೇ ತೂಗಿ ನೋಡೋಣ. 4,29,49,67,296ರ ಅಂಕಿಗಳನ್ನು ಕೂಡಿಸಿದರೆ 58. 5 ಮತ್ತು 8 ಕೂಡಿದರೆ 13. 1 ಮತ್ತು 3 ಕೂಡಿದರೆ 4. ಈ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದರಿಂದ 4ನ್ನು 4ರಿಂದ ಗುಣಿಸಬೇಕು. 16 ಬಂತು, 1 ಮತ್ತು 6 ಕೂಡಿದರೆ 7. ಇದು ತಕ್ಕಡಿಯ ಒಂದು ತಟ್ಟೆ. ಈಗ ಉತ್ತರದ ಇಪ್ಪತ್ತು ಅಂಕಿಗಳನ್ನು ಕೂಡಿಸಿರಿ. 88 ಬರುತ್ತದೆ. 8 ಮತ್ತು 8 ಕೂಡಿದರೆ 16, ಅದರಿಂದ 7. ಎರಡೂ ತಟ್ಟೆಗಳು ಸಮ.

ಆದರೆ ಈ ತಕ್ಕಡಿಗೂ ಒಂದು ಮಿತಿಯಿದೆ. ತಟ್ಟೆಗಳು ಸಮವಾಗದಿದ್ದರೆ ಲೆಕ್ಕ ಖಂಡಿತವಾಗಿ ತಪ್ಪು. ಸಮವಾದರೆ ಮಾತ್ರ ಖಂಡಿತವಾಗಿ ಸರಿ ಎನ್ನುವಂತಿಲ್ಲ. ಎರಡು ಅಂಕಿಗಳು ಅದಲುಬದಲಾದರೂ ಕೂಡಿದ ಮೊತ್ತ ಅಷ್ಟೇ ಇರುತ್ತದೆಯಲ್ಲ! ಆದ್ದರಿಂದ ಒಂದೇ ಪರೀಕ್ಷೆಯಲ್ಲಿ ತೃಪ್ತರಾಗದೆ ಇನ್ನೊಂದು ದಾರಿಯಿಂದಲೂ ನೋಡಬೇಕಾಗುತ್ತದೆ. ಉದಾಹರಣೆಗೆ ಕೊನೆಯ ಅಂಕಿಯನ್ನು ನೋಡಿರಿ. ಇಮ್ಮಡಿಸುತ್ತಾ ಹೋದಂತೆ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕು ನಾಲ್ಕಕ್ಕೆ ಮರಳುತ್ತದೆ. ಅರವತ್ತನಾಲ್ಕು ನಾಲ್ಕರಿಂದ ಭಾಗವಾಗುವುದರಿಂದ ಅರವತ್ತೈದನೆಯ ಮನೆಯ ಸಂಖ್ಯೆ 6ರಲ್ಲೇ ಮುಗಿಯಬೇಕು, ಒಂದು ಕಳೆದ ಮೊತ್ತ 5ರಲ್ಲೇ ಮುಗಿಯಬೇಕು. ಹಾಗೆಯೇ ಇದೆ.

ಸಂಖ್ಯೆಯ ಒಡಲು

5ರಲ್ಲಿ ಮುಗಿಯುವುದರಿಂದ ಈ ಸಂಖ್ಯೆ 5ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 87 ಆದ್ದರಿಂದ 3ರಿಂದಲೂ ಭಾಗವಾಗುತ್ತದೆ. ಇನ್ನೂ ಯಾವ ಸಂಖ್ಯೆಗಳಿಂದ ಭಾಗವಾಗುತ್ತದೆ? ಅದು ಅಲ್ ಬಿರೂನಿಯವರ ದಾರಿಯಲ್ಲೇ ತೆರೆದುಕೊಳ್ಳುತ್ತದೆ. 3ನ್ನು 5ರಿಂದ ಗುಣಿಸಿದರೆ 15, ಅಂದರೆ 16ಕ್ಕೆ ಒಂದು ಕಡಿಮೆ. 15ನ್ನು 17ರಿಂದ ಗುಣಿಸಿದರೆ 255, ಅಂದರೆ 256ಕ್ಕೆ ಒಂದು ಕಡಿಮೆ. 255ನ್ನು 257ರಿಂದ ಗುಣಿಸಿದರೆ 65,535. ಅದನ್ನು 65,537ರಿಂದ ಗುಣಿಸಿದರೆ 4,29,49,67,295. ಕೊನೆಗೆ ಅದನ್ನು 4,29,49,67,297ರಿಂದ ಗುಣಿಸಿದರೆ ಚದುರಂಗದ ಇಡೀ ಮೊತ್ತ. ಅಲ್ ಬಿರೂನಿಯವರ ಮೆಟ್ಟಿಲುಗಳಲ್ಲಿ ಬಂದ 2, 4, 16, 256 ಮುಂತಾದ ಸಂಖ್ಯೆಗಳಿಗೆ ಒಂದೊಂದು ಕೂಡಿಸಿದರೆ ಸಿಗುವ 3, 5, 17, 257, 65,537 ಮತ್ತು 4,29,49,67,297 ಎಂಬ ಆರು ಸಂಖ್ಯೆಗಳೇ ಇದರ ಒಡಲಿನಲ್ಲಿವೆ.

ಈ ಆರು ಸಂಖ್ಯೆಗಳಿಗೆ ಮುಂದೆ ಯೂರೋಪಿನಲ್ಲಿ ಒಂದು ಕಥೆಯಾಯಿತು. ಉತ್ತರ ಆಫ್ರಿಕಾದ ಬಿಜಾಯ ಪಟ್ಟಣದಲ್ಲಿ ಹಿಂದ್ ದೇಶದ ಅಂಕಿಗಳನ್ನು ಕಲಿತ ಇಟಲಿಯ ಲಿಯೊನಾರ್ಡೊ ಫಿಬೊನಾಚಿ ಕ್ರಿ.ಶ. 1202ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಲೆಕ್ಕದ ಗ್ರಂಥದಲ್ಲಿ ಚದುರಂಗದ ಈ ಸಮಸ್ಯೆಯೂ ಇತ್ತು. ನಾನೂರು ವರ್ಷಗಳ ನಂತರ, 1640ರಲ್ಲಿ, ಫ್ರಾನ್ಸಿನ ಪಿಯರ್ ಫರ್ಮಾ ಎಂಬ ಗಣಿತಜ್ಞರು ಒಂದು ಮಾತು ಹೇಳಿದರು. 3, 5, 17, 257, 65,537 ಇವೆಲ್ಲ ಅವಿಭಾಜ್ಯ ಸಂಖ್ಯೆಗಳು, ಅಂದರೆ ಒಂದು ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದವು. ಇದೇ ಕ್ರಮದಲ್ಲಿ ಮುಂದೆ ಬರುವ ಎಲ್ಲ ಸಂಖ್ಯೆಗಳೂ ಹಾಗೆಯೇ ಎಂದು ಅವರು ನಂಬಿದ್ದರು. ಅವರು ಆ ಕಾಲದ ಮಹಾ ಗಣಿತಜ್ಞರು. ಮೊದಲ ಐದು ಸಂಖ್ಯೆಗಳೂ ಅವರ ಮಾತಿಗೆ ಸಾಕ್ಷಿ ನುಡಿದಿದ್ದವು.

ತೊಂಬತ್ತೆರಡು ವರ್ಷ ಕಳೆದ ಮೇಲೆ, 1732ರಲ್ಲಿ, ಲಿಯೊನಾರ್ಡ್ ಆಯ್ಲರ್ ಆರನೆಯ ಸಂಖ್ಯೆಯನ್ನು ಒಡೆದು ತೋರಿಸಿದರು. 4,29,49,67,297 ಎಂಬುದು 641 ಮತ್ತು 67,00,417ರ ಗುಣಲಬ್ಧ. ಇದಕ್ಕೆ ಭಾಜಕವಿದ್ದರೆ ಅದು 64ರ ಯಾವುದೋ ಗುಣಕಕ್ಕೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರಬೇಕು ಎಂಬುದನ್ನು ಅವರು ಸಾಧಿಸಿದರು. 641 ಎಂದರೆ 64ರ ಹತ್ತು ಪಟ್ಟು ಮತ್ತು ಒಂದು. ಹೀಗೆ ಚದುರಂಗದ ಮೊತ್ತದಲ್ಲಿ ಒಟ್ಟು ಏಳು ಅವಿಭಾಜ್ಯ ಸಂಖ್ಯೆಗಳಿವೆ: 3, 5, 17, 257, 641, 65,537 ಮತ್ತು 67,00,417. ಏಳನ್ನೂ ಗುಣಿಸಿ ನೋಡುವ ಕೆಲಸವನ್ನು ಆಸಕ್ತ ಯುವಕ ಯುವತಿಯರಿಗೆ ಬಿಡುತ್ತೇವೆ.

ಮಹಾ ಗಣಿತಜ್ಞರ ಮಾತು, ಸಾಲಾಗಿ ಐದು ಸಾಕ್ಷಿಗಳು. ಆದರೂ ಆರನೆಯದು ಸುಳ್ಳಾಯಿತು. ಮೊದಲ ಐದು ತಿಂಗಳು ಸರಿಯಾಗಿ ಬಂತು ಎಂಬುದು ಆರನೆಯ ತಿಂಗಳಿಗೆ ಪುರಾವೆಯಲ್ಲ. ಈ ಮಾತು ಕೇಳಿದೊಡನೆ ನಮ್ಮ ಓದುಗರಲ್ಲಿ ಹಲವರಿಗೆ ಬೇರೊಂದು ವಿಷಯ ನೆನಪಾಗಿರಬಹುದು. ಅದನ್ನೇ ಈಗ ಹೇಳುತ್ತೇವೆ.

ಕೊನೆಯ ಸಾಲಿನಲ್ಲಿರುವವರು

ನಮ್ಮ ಊರುಗಳಿಗೆ ಆಗಾಗ ಒಂದು ಯೋಜನೆ ಬರುತ್ತದೆ. ‘ನೀವು ಹಣ ಕಟ್ಟಿ ಸೇರಿರಿ, ಇಬ್ಬರನ್ನು ಸೇರಿಸಿರಿ, ಆ ಇಬ್ಬರು ತಲಾ ಇಬ್ಬರನ್ನು ಸೇರಿಸಲಿ, ನಿಮಗೆ ಕುಳಿತಲ್ಲೇ ಆದಾಯ’ ಎನ್ನುತ್ತಾರೆ. ಇದು ಸಿಸ್ಸನ ಹಾಸಲ್ಲದೆ ಬೇರೇನು? ಕಾಳಿನ ಬದಲು ಮನುಷ್ಯರು, ಅಷ್ಟೇ ವ್ಯತ್ಯಾಸ. ಒಬ್ಬನಿಂದ ಆರಂಭವಾದ ಸರಪಳಿಯ ಹತ್ತನೆಯ ಸಾಲಿನಲ್ಲಿ 512 ಜನ ಬೇಕು. ಇಪ್ಪತ್ತನೆಯ ಸಾಲಿನಲ್ಲಿ 5,24,288. ಇಪ್ಪತ್ತೇಳನೆಯ ಸಾಲಿಗೆ 6,71,08,864 ಜನ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯೇ ಸುಮಾರು 6 ಕೋಟಿ 11 ಲಕ್ಷ. ಮೂವತ್ತಮೂರನೆಯ ಸಾಲಿಗೆ ಬರುವಾಗ ಒಟ್ಟು 8,58,99,34,591 ಜನ ಸೇರಿರಬೇಕು. ಲೋಕದ ಮನುಷ್ಯರೆಲ್ಲ, ತೊಟ್ಟಿಲ ಕೂಸುಗಳನ್ನೂ ಸೇರಿಸಿದರೂ, ಅಷ್ಟಿಲ್ಲ. ಹಾಸಿನ ಅರ್ಧ ದಾಟಿ ಒಂದೇ ಮನೆ ಮುಂದೆ ಹೋಗುವಷ್ಟರಲ್ಲಿ ಲೋಕ ಮುಗಿಯುತ್ತದೆ.

ಈಗ ಅಲ್ ಬಿರೂನಿಯವರ ಎರಡನೆಯ ಸೂತ್ರವನ್ನು ನೆನಪಿಸಿಕೊಳ್ಳಿರಿ. ಯಾವುದೇ ಮನೆಯ ಸಂಖ್ಯೆ ಅದರ ಹಿಂದಿನ ಎಲ್ಲ ಮನೆಗಳ ಮೊತ್ತಕ್ಕಿಂತ ಒಂದು ಹೆಚ್ಚು. ಸರಪಳಿ ಎಲ್ಲಿಯೇ ತುಂಡಾಗಲಿ, ಹತ್ತನೆಯ ಸಾಲಿನಲ್ಲಾಗಲಿ ಇಪ್ಪತ್ತನೆಯದರಲ್ಲಾಗಲಿ, ಕೊನೆಯ ಸಾಲಿನಲ್ಲಿ ನಿಂತವರು ಹಿಂದಿನ ಎಲ್ಲರನ್ನೂ ಸೇರಿಸಿದ್ದಕ್ಕಿಂತ ಒಬ್ಬರು ಹೆಚ್ಚು. ಅವರಿಗೆ ಸೇರಿಸಲು ಯಾರೂ ಉಳಿದಿರುವುದಿಲ್ಲ, ಕಟ್ಟಿದ ಹಣ ಮರಳುವುದಿಲ್ಲ. ಹತ್ತು ಸಾಲುಗಳಲ್ಲಿ ಒಟ್ಟು 1,023 ಜನರಿದ್ದರೆ ಅವರಲ್ಲಿ 512 ಮಂದಿ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಯೋಜನೆ ನಡೆಸುವವನು ಒಳ್ಳೆಯವನೋ ಕೆಟ್ಟವನೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಆ ನಷ್ಟ ಲೆಕ್ಕದೊಳಗೇ ಇದೆ. ಅರ್ಧಕ್ಕಿಂತ ಹೆಚ್ಚು ಸಹೋದರರ ನಷ್ಟದಿಂದಲೇ ಉಳಿದವರಿಗೆ ಲಾಭ ಬರುವ ವ್ಯವಹಾರ ಹಲಾಲ್ ಆಗುವುದು ಹೇಗೆ? ದೇಶದ ಕಾನೂನು ಕೂಡ ಇಂತಹ ಹಣ ಪರಿಚಲನೆಯ ಯೋಜನೆಗಳನ್ನು 1978ರಲ್ಲೇ ನಿಷೇಧಿಸಿದೆ.

ಇನ್ನೊಂದು ಬಗೆ ಇದೆ. ಅದರಲ್ಲಿ ಜನರನ್ನು ಸೇರಿಸಬೇಕಾಗಿಲ್ಲ, ಹಣ ಇಟ್ಟರೆ ಸಾಕು, ವರ್ಷದಲ್ಲಿ ಡಬಲ್ ಎನ್ನುತ್ತಾರೆ. ‘ಬಡ್ಡಿಯಿಲ್ಲ, ಹಲಾಲ್ ಲಾಭ’ ಎಂಬ ಫಲಕವೂ ಇರುತ್ತದೆ. ಒಂದು ಲಕ್ಷ ರೂಪಾಯಿ ವರ್ಷಕ್ಕೊಮ್ಮೆ ಡಬಲ್ ಆದರೆ ಹತ್ತು ವರ್ಷಕ್ಕೆ 10 ಕೋಟಿ 24 ಲಕ್ಷ, ಇಪ್ಪತ್ತು ವರ್ಷಕ್ಕೆ 10,485 ಕೋಟಿಗೂ ಹೆಚ್ಚು. ಇಷ್ಟು ಲಾಭ ಕೊಡುವ ಪ್ರಾಮಾಣಿಕ ವ್ಯಾಪಾರ ಭೂಮಿಯ ಮೇಲೆ ಇಲ್ಲ. ಹಾಗಾದರೆ ಆರಂಭದ ತಿಂಗಳುಗಳಲ್ಲಿ ಕೈಗೆ ಬರುವ ಹಣ ಎಲ್ಲಿಯದು? ಹೊಸದಾಗಿ ಸೇರಿದವರು ಕಟ್ಟಿದ ಅಸಲು. ಮತ್ತೆ ಅದೇ ಕೊನೆಯ ಸಾಲು. ನಮ್ಮ ರಾಜ್ಯದಲ್ಲೇ ಇಂತಹ ಫಲಕಗಳನ್ನು ನಂಬಿ ಎಷ್ಟೋ ಕುಟುಂಬಗಳು ಮಗಳ ನಿಕಾಹ್‌ಗೆಂದು ಇಟ್ಟ ಹಣವನ್ನು, ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದ ಉಳಿತಾಯವನ್ನು, ಹಜ್ಜಿಗೆಂದು ಕೂಡಿಟ್ಟದ್ದನ್ನು ಕಳೆದುಕೊಂಡು ಪೊಲೀಸ್ ಠಾಣೆಯ ಮುಂದೆ ಸಾಲುಗಟ್ಟಿ ನಿಂತದ್ದನ್ನು ನಾವೆಲ್ಲರೂ ಕಂಡಿದ್ದೇವೆ.

ಅವರನ್ನು ಅತಿಯಾಸೆಯವರೆಂದು ಜರೆಯುವುದು ಸುಲಭ, ಆದರೆ ಅದು ನ್ಯಾಯವಲ್ಲ. ಬಹುಪಾಲು ಜನ ಬಡ್ಡಿಗೆ ಹೆದರಿ, ಹಲಾಲ್ ದಾರಿ ಹುಡುಕಿಯೇ ಅಲ್ಲಿಗೆ ಹೋದವರು. ಅವರು ನಂಬಿದ್ದು ಬೀಗರ ಮಾತನ್ನು, ನೆರೆಯವರ ಮಾತನ್ನು, ಮಸೀದಿಯಲ್ಲಿ ಪಕ್ಕದಲ್ಲಿ ನಿಂತು ನಮಾಝ್ ಮಾಡಿದವನ ಮಾತನ್ನು, ಗಡ್ಡ ಟೋಪಿಯನ್ನು. ಇಲ್ಲದೇ ಹೋದದ್ದು ಅಲೆಕ್ಸಾಂಡ್ರಿಯಾದ ಆ ಕಾಗದ.

ಕಾಗದ ಎಲ್ಲಿ?

ಪವಿತ್ರ ಕುರ್‌ಆನ್ ಆಲು ಇಮ್ರಾನ್ ಅಧ್ಯಾಯದಲ್ಲಿ ಇಮ್ಮಡಿ ಮುಮ್ಮಡಿಯಾಗಿ ಬೆಳೆಯುವ ಬಡ್ಡಿಯನ್ನು ತಿನ್ನದಂತೆ ಎಚ್ಚರಿಸುತ್ತದೆ. ಹುಜುರಾತ್ ಅಧ್ಯಾಯದಲ್ಲಿ, ಸುದ್ದಿ ತಂದವನು ಎಂಥವನೆಂದು ತಿಳಿದು ಅದನ್ನು ಪರೀಕ್ಷಿಸಬೇಕೆಂದು, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ನಂತರ ಪಶ್ಚಾತ್ತಾಪ ಪಡಬೇಕಾದೀತೆಂದು ಕಲಿಸುತ್ತದೆ. ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾಗುತ್ತದೆ. ಅದು ಬಕರ ಅಧ್ಯಾಯದ 282ನೆಯ ಆಯತ್, ಅದರ ವಿಷಯ ಸಾಲದ ವ್ಯವಹಾರವನ್ನು ನ್ಯಾಯವಾಗಿ ಬರೆದಿಡುವುದು, ಸಾಕ್ಷಿಗಳನ್ನು ಇಡುವುದು, ಮೊತ್ತ ಚಿಕ್ಕದಾದರೂ ದೊಡ್ಡದಾದರೂ ಬರೆಯಲು ಬೇಸರಿಸದಿರುವುದು. ಲೆಕ್ಕ ಕೇಳುವುದು ಅವಿಶ್ವಾಸ ಎಂಬ ಭಾವನೆ ನಮ್ಮ ಸಮುದಾಯದಲ್ಲಿ ಎಲ್ಲಿಂದ ಬಂತೋ, ಧರ್ಮದಿಂದಂತೂ ಬಂದದ್ದಲ್ಲ.

ಆದ್ದರಿಂದ ಇನ್ನು ಮುಂದೆ ಯಾರಾದರೂ ಲಾಭದ ಯೋಜನೆಯೊಂದನ್ನು ತಂದರೆ, ಅವರು ನಮ್ಮ ಸ್ವಂತ ಸಂಬಂಧಿಕರೇ ಆಗಿರಲಿ, ಮೂರು ಮಾತು ಕೇಳೋಣ. ಈ ಲಾಭ ಯಾವ ವ್ಯಾಪಾರದಿಂದ ಬರುತ್ತದೆ? ಹೊಸಬರು ಸೇರುವುದು ನಿಂತರೂ ಅದು ಬರುತ್ತದೆಯೇ? ಇದರ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸುತ್ತೀರಾ? ತೋರಿಸಿದರೆ, ಆ ಕಾಗದವನ್ನು ಲೆಕ್ಕ ಬಲ್ಲವರ ಬಳಿ ಒಯ್ಯೋಣ. ನಮ್ಮ ಪ್ರತಿ ಜಮಾಅತ್ತಿನಲ್ಲೂ ಬಿ.ಕಾಂ ಓದಿದ ಮಕ್ಕಳಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರಿದ್ದಾರೆ. ಇಮಾಮರಾದ ನಾವು ಹರಾಮ್ ಹಲಾಲಿನ ಮಸ್ಅಲ ಹೇಳಬಹುದು, ಲೆಕ್ಕದ ಪುಸ್ತಕ ಓದಲು ಅವರೇ ಬೇಕು. ದಮಾಸ್ಕಸಿನ ಮುಖ್ಯ ಕಾಝಿಗೆ ಲೆಕ್ಕಿಗನೊಬ್ಬನನ್ನು ಕೇಳುವುದು ಅವಮಾನವೆನಿಸಲಿಲ್ಲ. ನಮಗೂ ಅನಿಸಬಾರದು.

ಮಕ್ಕಳಿಗೆ ಈ ಸಂಖ್ಯೆಯ ಕಥೆಯನ್ನು ಹೇಳಿರಿ. ಚದುರಂಗದ ಹಾಸು ಇಲ್ಲದಿದ್ದರೆ ಕಾಗದದಲ್ಲಿ ಅರವತ್ತನಾಲ್ಕು ಚೌಕ ಬರೆಯಿರಿ, ಅಡಿಗೆಮನೆಯಿಂದ ಒಂದು ಹಿಡಿ ಗೋಧಿ ತಂದು ಕಾಳುಗಳನ್ನು ಇಡಲು ಹೇಳಿರಿ. ಹತ್ತನೆಯ ಮನೆಗೆ ಬರುವ ಮೊದಲೇ ಚೌಕದಲ್ಲಿ ಜಾಗ ಸಾಲುವುದಿಲ್ಲ, ಹದಿನಾರನೆಯದಕ್ಕೆ ಡಬ್ಬವೇ ಖಾಲಿ. ದೊಡ್ಡವರಾದ ಮೇಲೆ ಯಾರಾದರೂ ಬಂದು ‘ಡಬಲ್’ ಎಂದಾಗ ಅವರಿಗೆ ಆ ಡಬ್ಬ ನೆನಪಾಗಲಿ.

ಅಲ್ಲಾಹನು ನಮ್ಮ ಸಂಪಾದನೆಯಲ್ಲಿ ಬರ್ಕತ್ ನೀಡಲಿ, ವಂಚನೆಗೊಳಗಾದ ಕುಟುಂಬಗಳ ಕಷ್ಟವನ್ನು ನೀಗಿಸಲಿ, ಕೇಳಿದ್ದನ್ನು ತೂಗಿ ನೋಡುವ ತಿಳಿವನ್ನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.